ಪಹಣಿಗೆ ಕಾಲಂ ಇದೆ, ಟ್ರಂಕಿನ ಕಾಗದಕ್ಕೆ?

ಹಳ್ಳಿಮೈಸೂರು ಕಡೆ ಹಳೇ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಟ್ರಂಕು ಇದ್ದೇ ಇರುತ್ತದೆ. ಅದರೊಳಗೆ ಕ್ರಯಪತ್ರ, ಪಾಲುಪಟ್ಟಿ, ಕಂದಾಯದ ರಸೀದಿ, ಕೈಬರಹದ ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್ಕು ಎಲ್ಲವೂ ಸೇರಿಕೊಂಡಿರುತ್ತವೆ. ಒಂದರಂತೆ ಇನ್ನೊಂದಿಲ್ಲ. ಹೀಗೆ ಆಕಾರವೇ ಬೇರೆಬೇರೆ ಇರುವ ಕಾಗದಗಳನ್ನು ಕಂಪ್ಯೂಟರಿನಲ್ಲಿ ಇಡುವುದು ಹೇಗೆ? ಈ ಪ್ರಶ್ನೆಗೆ ಐವತ್ತು ವರ್ಷದ ಇತಿಹಾಸವಿದೆ.

ಮೊದಲು ಬಂದದ್ದು ಕಾಲಂ

ಪಹಣಿ ನೋಡಿದವರಿಗೆ ಕಾಲಂ ಎಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಒಂಬತ್ತರಲ್ಲಿ ಮಾಲೀಕರ ಹೆಸರು, ಹನ್ನೊಂದರಲ್ಲಿ ಸಾಲ-ಋಣ, ಹನ್ನೆರಡರಲ್ಲಿ ಸಾಗುವಳಿ. ಕಂಪ್ಯೂಟರಿನ ದಾಖಲೆಗಳನ್ನೂ ಹೀಗೆ ಸಾಲು-ಕಾಲಂಗಳ ಪಟ್ಟಿಯಾಗಿ ಇಡಬಹುದು ಎಂದು 1970ರಲ್ಲಿ ಐಬಿಎಂ ಕಂಪನಿಯ ಇ. ಎಫ್. ಕಾಡ್ ಎಂಬುವರು ಒಂದು ಲೇಖನ ಬರೆದು ತೋರಿಸಿದರು. ಬ್ಯಾಂಕಿನ ಲೆಕ್ಕದಂಥ ಕೆಲಸಗಳೆಲ್ಲ ಮುಂದೆ ಅದೇ ದಾರಿ ಹಿಡಿದವು.

ನಮ್ಮ ರಾಜ್ಯದಲ್ಲಿ ಈ ಬಗೆಯ ದಾಖಲೆಯ ದೊಡ್ಡ ಕೆಲಸವೆಂದರೆ 'ಭೂಮಿ' ಯೋಜನೆ. 2000ದ ದಶಕದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅವು ಸುಮಾರು 67 ಲಕ್ಷ ರೈತರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಸಿಗುವಂತಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಪಟ್ಟಿಗೆ ಒಂದು ಗುಣ ಉಂಟು. ಅದರಲ್ಲಿ ಯಾವುದಕ್ಕೆ ಕಾಲಂ ಇದೆಯೋ ಅದಷ್ಟೇ ಉತ್ತರವಾಗಿ ಬರುತ್ತದೆ. ಅಣ್ಣತಮ್ಮಂದಿರು ಯಾಕೆ ಹಿಸ್ಸೆಯಾದರು, ಬದುವಿನ ಮೇಲಿನ ಹುಣಸೆಮರ ಯಾರ ಪಾಲಿಗೆ ಬಂತು, ಇದಕ್ಕೆಲ್ಲ ಪಹಣಿಯಲ್ಲಿ ಜಾಗವಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟೆಯನ್ನೇ ನೆನೆಯಿರಿ. 1979ರಲ್ಲಿ ಕಟ್ಟೆ ಮುಗಿಯಿತು, ಹಿನ್ನೀರಿಗೆ ಊರುಗಳು ಹೋದವು. ಶೆಟ್ಟಿಹಳ್ಳಿಯ ಚರ್ಚು ಇವತ್ತಿಗೂ ಮಳೆಗಾಲದಲ್ಲಿ ನೀರಲ್ಲಿ ನಿಂತಿರುತ್ತದೆ. ಮುಳುಗಡೆಯಾದ ಮನೆಯವರ ಕೈಯಲ್ಲಿ ಇರಬಹುದಾದ ಕಾಗದಗಳನ್ನು ಎಣಿಸಿ ನೋಡಿ: ಸ್ವಾಧೀನದ ನೋಟಿಸು, ಪರಿಹಾರದ ಆದೇಶ, ಸಂತ್ರಸ್ತರ ಪ್ರಮಾಣಪತ್ರ, ಬದಲಿ ಜಮೀನಿನ ಮಂಜೂರಾತಿ, ಸಾಗುವಳಿ ಚೀಟಿ. ಇವುಗಳಲ್ಲಿ ಒಂದು ಕಳೆದರೂ ಮೊಮ್ಮಕ್ಕಳ ಕಾಲಕ್ಕೆ ಕಚೇರಿ ಅಲೆದಾಟ ತಪ್ಪಿದ್ದಲ್ಲ. ಇವನ್ನು ಒಂದೇ ಪಟ್ಟಿಗೆ ತುರುಕಲು ಹೋದರೆ ಅರ್ಧ ಕಾಲಂ ಖಾಲಿ ಬೀಳುತ್ತವೆ, ಉಳಿದರ್ಧ ಮಾತಿಗೆ ಕಾಲಂ ಸಾಲುವುದಿಲ್ಲ.

ಕಾಗದಕ್ಕೆ ಕಾಗದದ ಆಕಾರ

ಇದಕ್ಕೆ ಬೇರೆ ದಾರಿ ಹುಟ್ಟಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. 1973ರಲ್ಲಿ ಅಲ್ಲಿನ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎಲ್ಲರೂ ಟಿಪ್ಪಣಿ ಬರೆದಿಡುವ 'ನೋಟ್ಸ್' ಬಂತು. ಅಲ್ಲೇ ಓದಿದ ರೇ ಆಜಿ ಎಂಬುವರು ಅದೇ ವಿಚಾರ ಹಿಡಿದು 'ಲೋಟಸ್ ನೋಟ್ಸ್' ಕಟ್ಟಿದರು. 1989ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದರಲ್ಲಿ ಕೆಲಸ ಮಾಡಿದ್ದ ಡೇಮಿಯನ್ ಕಾಟ್ಜ್ 2005ರಲ್ಲಿ 'ಕೌಚ್‌ಡಿಬಿ' ಶುರು ಮಾಡಿದರು. 2008ರಲ್ಲಿ ಅದು ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂತು. ಅಲ್ಲಿಂದಾಚೆ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು.

ಇದರಲ್ಲಿ ಒಂದೊಂದು ಕಾಗದವೂ ಒಂದೊಂದು ದಾಖಲೆ. ಕ್ರಯಪತ್ರಕ್ಕೆ ಕೊಂಡವರು, ಮಾರಿದವರು, ಚೆಕ್ಕುಬಂದಿ ಬರೆಯಿರಿ. ರಸೀದಿಗೆ ತಾರೀಕು, ಮೊತ್ತ ಸಾಕು. ಫೋನಿನಲ್ಲಿ ತೆಗೆದ ಫೋಟೊವನ್ನೂ ಅದಕ್ಕೇ ಅಂಟಿಸಿಡಬಹುದು. ಮೊದಲೇ ಕಾಲಂ ಹಾಕಿಕೊಂಡು ಕೂರುವ ಗೋಜಿಲ್ಲ.

ಕೌಚ್ ಎಂಬ ಹೆಸರನ್ನು ಬಿಡಿಸಿದರೆ 'ನೆಚ್ಚಿಕೆಯಿಲ್ಲದ ಅಗ್ಗದ ಯಂತ್ರಗಳ ಗುಂಪು' ಎಂಬ ಅರ್ಥ ಬರುತ್ತದೆ. ಕರೆಂಟು ಹೋದೀತು, ನೆಟ್ ಕಡಿದೀತು ಎಂದು ಮೊದಲೇ ಎಣಿಸಿ ಮಾಡಿದ್ದು. ಎರಡು ಕಂಪ್ಯೂಟರು ಬೇರೆಬೇರೆ ಕಡೆ ಇದ್ದರೂ ಸಂಪರ್ಕ ಸಿಕ್ಕಾಗ ಒಂದರ ದಾಖಲೆ ಇನ್ನೊಂದಕ್ಕೆ ಹೋಗುತ್ತದೆ. ಊರಲ್ಲಿ ಅಣ್ಣ, ಬೆಂಗಳೂರಲ್ಲಿ ತಮ್ಮ ಒಂದೇ ದಾಖಲೆಯನ್ನು ಬೇರೆಬೇರೆ ತಿದ್ದಿದರೆ ಒಂದನ್ನು ಮುಂದಿಟ್ಟು, ಇನ್ನೊಂದನ್ನೂ ಅಳಿಸದೆ ಇಟ್ಟುಕೊಳ್ಳುತ್ತದೆ. ತೀರ್ಮಾನ ಮನೆಯವರದೇ.

2009ರ ಅಕ್ಟೋಬರಿನಲ್ಲಿ ಬಂದ ಉಬುಂಟು 9.10 ಇದನ್ನು ಪ್ರತಿಯೊಬ್ಬರ ಕಂಪ್ಯೂಟರಿಗೂ ಸೇರಿಸಿಯೇ ಕೊಟ್ಟಿತ್ತು. 2011ರಲ್ಲಿ ಕೈಬಿಟ್ಟಿತು. ಆದರೆ ಕೌಚ್‌ಡಿಬಿ ನಿಲ್ಲಲಿಲ್ಲ. 2016ರ 2.0 ಆವೃತ್ತಿಯಲ್ಲಿ 'ಮ್ಯಾಂಗೊ' ಎಂಬ ಸುಲಭದ ಹುಡುಕಾಟವೂ ಸೇರಿತು.

ಹಾಕಿಕೊಳ್ಳುವುದು ಹೇಗೆ

ವಿಂಡೋಸ್ ಕಂಪ್ಯೂಟರ್ ಇದ್ದರೆ ಅಪಾಚೆ ಕೌಚ್‌ಡಿಬಿ ತಾಣದಿಂದ ಫೈಲು ಇಳಿಸಿ, ಒತ್ತಿ, ಕೇಳಿದಾಗ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಡಿ. 2020ರ 3.0 ಆವೃತ್ತಿಯಿಂದ ಪಾಸ್‌ವರ್ಡ್ ಕಡ್ಡಾಯ. ಆಮೇಲೆ ಬ್ರೌಸರಿನಲ್ಲಿ 127.0.0.1:5984 ಎಂದು ಹೊಡೆದು, ಮುಂದೆ ಒಂದು ಓರೆಗೆರೆ, ಒಂದು ಅಡಿಗೆರೆ, ಇಂಗ್ಲಿಷಿನಲ್ಲಿ 'ಯುಟಿಲ್ಸ್' ಸೇರಿಸಿದರೆ 'ಫಾಕ್ಸ್‌ಟನ್' ಎಂಬ ಪುಟ ತೆರೆಯುತ್ತದೆ. ಅಲ್ಲಿ ಒಂದೇ ಕಂಪ್ಯೂಟರು, ಅಂದರೆ 'ಸಿಂಗಲ್ ನೋಡ್' ಎಂದು ಆರಿಸಿ ಡೇಟಾಬೇಸ್ ಮಾಡಿಕೊಳ್ಳಿ. ಡೇಟಾಬೇಸಿನ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ ಇರಬೇಕು, ಒಳಗಿನದೆಲ್ಲ ಕನ್ನಡದಲ್ಲೇ ಬರೆಯಬಹುದು. ಆ 127.0.0.1 ಎಂದರೆ ನಿಮ್ಮದೇ ಯಂತ್ರ. ನೀವಾಗಿ ಬಿಡುವ ತನಕ ಹೊರಗಿನವರು ನೋಡಲಾರರು.

ಕನ್ನಡದ ವಿಷಯದಲ್ಲಿ ಒಂದು ಎಚ್ಚರ. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹುಡುಕಿದರೆ ಸಿಗದು. 1991ರಿಂದಲೇ ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗವಿದೆ. ಅದರಲ್ಲೇ ಬರೆಯಿರಿ.

ಇನ್ನೊಂದು ಮಾತು. ಕಂಪ್ಯೂಟರಿನ ಫೋಟೊ ಮೂಲ ಪತ್ರವಾಗುವುದಿಲ್ಲ. ಕೋರ್ಟು-ಕಚೇರಿಗೆ ಮೂಲ ಪತ್ರವೋ ದೃಢೀಕೃತ ನಕಲೋ ಬೇಕು. ಹಾಗಾಗಿ ಟ್ರಂಕನ್ನು ಒಲೆಗೆ ಹಾಕಬೇಡಿ. ಕೌಚ್‌ಡಿಬಿಯ ಇನ್ನೊಂದು ಪ್ರತಿ ಬೇರೆ ಮನೆಯ ಕಂಪ್ಯೂಟರಿನಲ್ಲೂ ಇರಲಿ.

ಸರ್ಕಾರದ ಪಟ್ಟಿ ಸರ್ಕಾರ ಕೇಳುವ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಟ್ರಂಕಿನಲ್ಲಿದೆ. ಯಾವ ಕಾಗದ ಯಾವುದು ಎಂದು ಹೇಳಬಲ್ಲ ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಈ ಭಾನುವಾರವೇ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲ ದಾಖಲೆ ಬರೆಯಿರಿ.