ಹಂದಿಗೋಡು ಕಾಯಿಲೆ: ಒಂದು ರೋಗನಿದಾನದ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಕೀಯ ಸಾಹಿತ್ಯವನ್ನು ಸೇರಿದ್ದು 1970ರ ದಶಕದಲ್ಲಿ. ಸೊಂಟದ ಮತ್ತು ಮಂಡಿಯ ಕೀಲುಗಳ ನೋವಿನಿಂದ ಮೊದಲಾಗಿ, ವರ್ಷಗಳು ಕಳೆದಂತೆ ನಡಿಗೆಯನ್ನೇ ಕಸಿದುಕೊಳ್ಳುವ, ಕೆಲವರಲ್ಲಿ ದೇಹದ ಎತ್ತರವನ್ನೂ ಕುಂಠಿತಗೊಳಿಸುವ ವ್ಯಾಧಿಯೊಂದು ಆ ಊರಿನಲ್ಲಿಯೂ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಕೆಲವು ಹಳ್ಳಿಗಳಲ್ಲಿಯೂ ಕಂಡುಬಂದಿತು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳಿಗೆ ಸೇರಿದ, ಕೂಲಿಯನ್ನೇ ನಂಬಿ ಬದುಕುತ್ತಿದ್ದ ದಲಿತ ಕುಟುಂಬಗಳವರು.

ಕಾರಣದ ಹುಡುಕಾಟವು ಮೊದಲು ಹೊರಗಿನ ಪರಿಸರದತ್ತ ಹೊರಳಿದ್ದು ಸಹಜವೇ ಆಗಿತ್ತು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ಉಣ್ಣೆಗಳಿಂದ ಹರಡುವ ವೈರಾಣುವೇ ಮೂಲವೆಂಬುದು ಮಲೆನಾಡಿಗೆ ಆಗಲೇ ತಿಳಿದಿತ್ತು. ಹಂದಿಗೋಡಿನ ವ್ಯಾಧಿಯನ್ನು ಅಧ್ಯಯನ ಮಾಡಿದ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿಯವರು, 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದಿಂದ ಉಂಟಾದ ಯಕೃತ್ತಿನ ರೋಗವನ್ನು ಪರಿಶೀಲಿಸಿದ್ದವರು. ಬಡವರು ಗದ್ದೆಗಳಲ್ಲಿ ಹಿಡಿದು ತಿನ್ನುತ್ತಿದ್ದ ಏಡಿಗಳ ಮೂಲಕ ಕೀಟನಾಶಕವು ದೇಹವನ್ನು ಸೇರಿ ಕೀಲುಗಳನ್ನು ಕೆಡಿಸುತ್ತಿದೆಯೆಂಬ ಶಂಕೆಯು ಆ ಕಾಲದಲ್ಲಿ ಬಲವಾಗಿ ಹಬ್ಬಿತು. ಆದರೆ ವ್ಯಾಧಿಯು ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವುದನ್ನು ಕೇವಲ ಆಹಾರದಿಂದ ವಿವರಿಸುವುದು ಸಾಧ್ಯವಿರಲಿಲ್ಲ. 1977ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಈ ವಿಜ್ಞಾನಿಗಳು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದೇ ಕರೆದರು.

ಮುಂದೆ ವಂಶಾವಳಿಗಳೂ ಎಕ್ಸ್-ರೇ ಚಿತ್ರಗಳೂ ಒಟ್ಟಿಗೆ ಪರಿಶೀಲನೆಗೆ ಒಳಗಾದಾಗ ನಿದಾನವು ಸ್ಪಷ್ಟವಾಯಿತು. ಅಗರ್‌ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನವು ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಮುಖ್ಯವಾಗಿ ಸೊಂಟದ ಕೀಲು ಸವೆದವರು, ಅದರೊಡನೆ ಬೆನ್ನೆಲುಬಿನ ಮಣಿಗಳು ಚಪ್ಪಟೆಯಾಗಿ ಗಿಡ್ಡರಾದವರು, ಮತ್ತು ಅಸ್ಥಿಪಂಜರದ ಹಲವು ಭಾಗಗಳ ಬೆಳವಣಿಗೆ ಕುಂದಿ ಕುಬ್ಜರಾದವರು. ಸವೆದ ಕೀಲು, ಕುಂದಿದ ಎತ್ತರ ಎರಡೂ ಒಟ್ಟಿಗೆ ಕಾಣಿಸುವುದೇಕೆಂಬುದು ಮೃದ್ವಸ್ಥಿಯನ್ನು ನೋಡಿದರೆ ತಿಳಿಯುತ್ತದೆ. ದೇಹದ ಭಾಗಗಳನ್ನು ಬೆಸೆದು ಆಧಾರ ನೀಡುವ ಸಂಯೋಜಕ ಅಂಗಾಂಶದ ಒಂದು ಬಗೆಯೇ ಮೃದ್ವಸ್ಥಿ. ಮಗುವಿನ ಎಲುಬುಗಳು ಉದ್ದವಾಗುವುದು ತುದಿಗಳಲ್ಲಿರುವ ಈ ಮೃದ್ವಸ್ಥಿಯಿಂದಲೇ ಆದ್ದರಿಂದ, ಅಲ್ಲಿನ ದೋಷವು ಬೆಳವಣಿಗೆಯನ್ನೂ ಕೀಲಿನ ನುಣುಪನ್ನೂ ಒಟ್ಟಿಗೆ ಕೆಡಿಸುತ್ತದೆ.

ಈ ಕಾಯಿಲೆಯ ಆನುವಂಶಿಕತೆಯು ಪ್ರಬಲ ಸ್ವರೂಪದ್ದೆಂದು ಅದೇ ಅಧ್ಯಯನವು ನಿರ್ಣಯಿಸಿತು. ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷಯುಕ್ತ ವಂಶವಾಹಿಯ ಒಂದೇ ಪ್ರತಿ ಬಂದರೂ ಸಾಕು. ಹುಟ್ಟುವ ಪ್ರತಿ ಮಗುವಿಗೂ, ಅದು ಗಂಡಾಗಲಿ ಹೆಣ್ಣಾಗಲಿ, ಅದನ್ನು ಪಡೆಯುವ ಸಂಭವ ಅರ್ಧದಷ್ಟಿರುತ್ತದೆ. ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವೆಂದು ದೂರುವುದಕ್ಕೆ ಈ ನಿರ್ಣಯವು ಆಸ್ಪದ ಕೊಡುವುದಿಲ್ಲ. ಏಡಿ ತಿಂದ ಬಡವನ ಊಟವನ್ನು ದೂಷಿಸುವುದಕ್ಕೂ ಕೊಡುವುದಿಲ್ಲ.

ಆದರೂ ಕಾಯಿಲೆಯ ಭಾರವನ್ನು ಬಡತನವೇ ಹೆಚ್ಚಿಸಿತೆಂಬುದನ್ನು ಮರೆಯುವಂತಿಲ್ಲ. ಕೆಸರುಗದ್ದೆಯಲ್ಲಿ ದಿನವಿಡೀ ಸೊಂಟ ಬಗ್ಗಿಸಿ ನಾಟಿ ಮಾಡಬೇಕಾದ ಕೂಲಿಯಾಳಿಗೆ ಸೊಂಟದ ಕೀಲು ಹೋದರೆ ಜೀವನೋಪಾಯವೇ ಹೋದಂತೆ. ವಂಶವಾಹಿಯ ದೋಷವನ್ನು ಅಳಿಸುವ ಔಷಧಿಯಿಲ್ಲದಿದ್ದರೂ ನೋವಿನ ಶಮನ, ಅಂಗಸಾಧನೆ, ಸವೆದ ಕೀಲಿನ ಬದಲಾವಣೆ ಮುಂತಾದ ಉಪಾಯಗಳಿವೆ. ಮಕ್ಕಳಲ್ಲಿ ಬೇಗನೆ ಗುರುತಿಸಿದರೆ ಓದು ಮತ್ತು ಕಸುಬುಗಳನ್ನು ಅದಕ್ಕೆ ಹೊಂದುವಂತೆ ರೂಪಿಸಬಹುದು. ರೋಗನಿದಾನವೆಂಬುದು ಸಂಶೋಧನ ಪತ್ರಿಕೆಯ ಪುಟದಲ್ಲಿ ಮುಗಿಯುವ ಕೆಲಸವಲ್ಲ. ರೋಗದ ಹೆಸರು ತಿಳಿದ ಕುಟುಂಬಕ್ಕೆ ಚಿಕಿತ್ಸೆ, ಮಾಸಾಶನ ಮತ್ತು ಆಪ್ತ ಸಲಹೆಗಳು ಊರಿನ ಸಮೀಪದಲ್ಲಿಯೇ ದೊರೆತಾಗಲೇ ಅದು ಸಾರ್ಥಕವಾಗುತ್ತದೆ.