ಷರಾ ಕಾಲಂನಿಂದ ಬ್ರೌಸರ್‌ವರೆಗೆ: ಕರ್ನಾಟಕದ ವಿದ್ಯುತ್ ಜಾಲವನ್ನು ಕಾಯ್ದ ಕಣ್ಣುಗಳು

ವಿದ್ಯುತ್ತು ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ, ಅದನ್ನು ಉತ್ಪಾದಿಸಿ ಸಾಗಿಸುವ ವಿದ್ಯೆಯ ಜೊತೆಜೊತೆಗೇ ಅದನ್ನು ಕಾಣಿಸುವ ವಿದ್ಯೆಯೂ ಬೆಳೆಯಬೇಕಾಯಿತು. ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದ್ರಶೇಖರಪುರದಲ್ಲಿ, ಅಂದರೆ ಜನರ ಬಾಯಲ್ಲಿ ಸಿ.ಎಸ್. ಪುರವೆನಿಸಿಕೊಂಡ ಊರಿನಲ್ಲಿ, ಪಂಪ್‌ಸೆಟ್ಟು ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟಿಗಾಗಿ ಕಾಯುತ್ತಿರುವ ತೆಂಗು-ಅಡಿಕೆ ಬೆಳೆಗಾರರು ಮೊಬೈಲಿನ ಬ್ರೌಸರ್ ತೆರೆದರೆ, ಇಡೀ ರಾಜ್ಯದ ವಿದ್ಯುತ್ ಬೇಡಿಕೆ ಎಷ್ಟಿದೆ, ಶರಾವತಿಯಿಂದ ಎಷ್ಟು, ರಾಯಚೂರಿನಿಂದ ಎಷ್ಟು ಮೆಗಾವಾಟ್ ಹರಿದುಬರುತ್ತಿದೆ ಎಂಬುದನ್ನು ನೋಡಬಹುದು. ಒಂದು ಕಾಲಕ್ಕೆ ವಿದ್ಯುತ್ ಕೇಂದ್ರದ ಗೋಡೆಗಳೊಳಗೆ ಕೆಲವೇ ಜನರ ವಶದಲ್ಲಿದ್ದ ಈ ತಿಳಿವಳಿಕೆ ಹಳ್ಳಿಯ ಅಂಗೈಗೆ ಬಂದ ಬಗೆಯೇ ಒಂದು ಚರಿತ್ರೆ.

ಆ ಚರಿತ್ರೆ 1902ರಲ್ಲಿ ಮೊದಲಾಗುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ ಆ ವರ್ಷ ಪೂರ್ಣಗೊಂಡು, ಕಾವೇರಿಯ ಶಕ್ತಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ದೀಪ ಬಂದಿತು. ಉತ್ಪಾದಿಸುವ ತಾಣ ಒಂದು, ಬಳಸುವ ತಾಣಗಳು ಬೆರಳೆಣಿಕೆಯಷ್ಟು ಇದ್ದ ಆ ಹೊತ್ತಿನಲ್ಲಿ ವ್ಯವಸ್ಥೆಯನ್ನು ಕಾಯುವುದೆಂದರೆ ಮಾಪಕಗಳ ಮುಳ್ಳನ್ನು ನೋಡಿ, ನೋಡಿದ್ದನ್ನು ಬರೆದಿಡುವುದೇ ಆಗಿತ್ತು.

ಬರೆದಿಡುವ ಈ ಪುಸ್ತಕಕ್ಕೆ ಲಾಗ್ ಪುಸ್ತಕವೆಂದು ಹೆಸರು. ಗಂಟೆಗೊಂದು ಸಾಲಿನಂತೆ ವೋಲ್ಟೇಜ್, ಪ್ರತಿಯೊಂದು ಲೈನಿನ ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಉಷ್ಣತೆ ಇವುಗಳನ್ನು ಆಪರೇಟರು ತುಂಬುತ್ತಿದ್ದರು. ಕಡೆಯಲ್ಲಿ ಷರಾ ಬರೆಯುವುದಕ್ಕೆ ಜಾಗವಿರುತ್ತಿತ್ತು. ಲೈನ್ ಟ್ರಿಪ್ ಆದರೆ, ಅಂದರೆ ದೋಷ ಕಂಡು ತಾನಾಗಿಯೇ ಕಡಿದುಕೊಂಡರೆ, ಎಷ್ಟು ಗಂಟೆಗೆ ಟ್ರಿಪ್ ಆಯಿತು, ತಂತಿಯ ಮೇಲೆ ಮರ ಬಿದ್ದಿತೇ, ಸಿಡಿಲು ಬಡಿಯಿತೇ ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು. ಅಂಕಿಗಳ ನಡುವೆ ಕಾರಣವನ್ನು ಹೇಳುವ ಜಾಗ ಅದೊಂದೇ.

ಕೇಂದ್ರಗಳ ಫಲಕದಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದುದು ಆವೃತ್ತಿಯ, ಅಂದರೆ ಫ್ರೀಕ್ವೆನ್ಸಿಯ ಮಾಪಕದ ಕಡೆಗೆ. ಹಳೆಯ ಬಗೆಯ ಮಾಪಕದಲ್ಲಿ ಸಣ್ಣ ಉಕ್ಕಿನ ಪಟ್ಟಿಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತಿರುತ್ತಿದ್ದವು. ಜಾಲದ ಆವೃತ್ತಿಗೆ ಹೊಂದುವ ಪಟ್ಟಿ ಮಾತ್ರ ಜೋರಾಗಿ ಕಂಪಿಸಿ, ಅದರ ಬಿಳಿಯ ತುದಿ ಮಸುಕಾಗಿ ಹರಡಿಕೊಂಡಂತೆ ಕಾಣುತ್ತಿತ್ತು. ಆವೃತ್ತಿಯ ಅರ್ಥವನ್ನು ಎಣ್ಣೆ ಗಾಣದ ಹೋಲಿಕೆಯಿಂದ ತಿಳಿಯಬಹುದು: ಗಾಣದ ಹೊರೆ ಹೆಚ್ಚಿದರೆ ಎತ್ತುಗಳ ನಡಿಗೆ ನಿಧಾನವಾಗುವಂತೆ, ಉತ್ಪಾದನೆಯನ್ನು ಮೀರಿ ಬೇಡಿಕೆ ಏರಿದಾಗ ಜನರೇಟರುಗಳ ತಿರುಗಾಟ ತಗ್ಗುತ್ತದೆ, ಭಾರತದಲ್ಲಿ ಸೆಕೆಂಡಿಗೆ 50 ಇರಬೇಕಾದ ಆವರ್ತಗಳ ಸಂಖ್ಯೆಯೂ ಇಳಿಯುತ್ತದೆ. ಹೀಗಾಗಿ ಇಡೀ ಜಾಲದ ಆರೋಗ್ಯವನ್ನು ಆ ಒಂದು ಅಂಕಿಯಲ್ಲಿ ಓದಬಹುದು.

ಶಿಂಷಾಪುರದ ಕೇಂದ್ರ 1940ರಲ್ಲೂ ಜೋಗದ ಕೇಂದ್ರ 1948ರಲ್ಲೂ ಸೇರಿಕೊಂಡು, 1957ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಗಿ, 1960ರ ದಶಕದ ನಡುವೆ ಶರಾವತಿಯ ಘಟಕಗಳು ತಿರುಗತೊಡಗಿದಾಗ, ಬಿಡಿ ಬಿಡಿಯಾಗಿದ್ದ ಲೈನುಗಳು ಒಂದೇ ಜಾಲವಾದವು. ಜಾಲವಾದ ಮೇಲೆ ಒಂದು ಕೇಂದ್ರದ ಮಾಪಕ ನೋಡಿದರೆ ಸಾಲದು. ಎಲ್ಲ ಕೇಂದ್ರಗಳ ಅಂಕಿಗಳು ಒಂದೆಡೆ ಕೂಡಬೇಕು. ಆ ಒಂದೆಡೆಯೇ ಲೋಡ್ ಡಿಸ್ಪ್ಯಾಚ್ ಕೇಂದ್ರ, ಅಂದರೆ ಯಾವ ಉತ್ಪಾದನಾ ಘಟಕ ಎಷ್ಟು ಹೊರಬೇಕು, ಯಾವ ಪ್ರದೇಶಕ್ಕೆ ಎಷ್ಟು ಹಂಚಬೇಕು ಎಂದು ತೀರ್ಮಾನಿಸುವ ಸ್ಥಳ. ವಿದ್ಯುತ್ ಸಾಗುವ ತಂತಿಯ ಮೇಲೆಯೇ ಧ್ವನಿಯನ್ನೂ ಸಾಗಿಸುವ ಕ್ಯಾರಿಯರ್ ದೂರವಾಣಿಯ ಮೂಲಕ ಆಪರೇಟರುಗಳು ಗಂಟೆ ಗಂಟೆಗೂ ರೀಡಿಂಗ್ ಹೇಳುತ್ತಿದ್ದರು, ಇತ್ತ ಕುಳಿತವರು ಬರೆದುಕೊಳ್ಳುತ್ತಿದ್ದರು. ಬರೆದು ಮುಗಿಸುವ ಹೊತ್ತಿಗೆ ಅಂಕಿ ಹಳತಾಗಿರುತ್ತಿತ್ತು.

ಈ ಕೊರತೆಯನ್ನು ನೀಗಿದ್ದು ಸ್ಕಾಡಾ, ಅಂದರೆ ದೂರದಿಂದಲೇ ಮಾಹಿತಿ ಸಂಗ್ರಹಿಸಿ ಮೇಲ್ವಿಚಾರಣೆ ನಡೆಸುವ ಗಣಕ ವ್ಯವಸ್ಥೆ. 1999ರಲ್ಲಿ ಮಂಡಳಿಯ ಜಾಗಕ್ಕೆ ಬಂದ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಈ ಶತಮಾನದ ಮೊದಲ ದಶಕದಲ್ಲಿ ತನ್ನ ಉಪಕೇಂದ್ರಗಳನ್ನು ಉಪಗ್ರಹ ಸಂಪರ್ಕದ ಮೂಲಕ ಈ ವ್ಯವಸ್ಥೆಯೊಳಗೆ ತಂದಿತು. ಉಪಕೇಂದ್ರದ ಅಂಗಳದಲ್ಲಿರುವ ಸಿ.ಟಿ., ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ನೂರಾರು ಆಂಪಿಯರುಗಳನ್ನು 1 ಅಥವಾ 5 ಆಂಪಿಯರಿಗೆ ಇಳಿಸುತ್ತದೆ, ಪಿ.ಟಿ., ಅಂದರೆ ಪೊಟೆನ್ಶಿಯಲ್ ಟ್ರಾನ್ಸ್‌ಫಾರ್ಮರ್, ಸಾವಿರಾರು ವೋಲ್ಟುಗಳನ್ನು 110 ವೋಲ್ಟಿಗೆ ಇಳಿಸುತ್ತದೆ, ಆರ್.ಟಿ.ಯು. ಎಂಬ ಪೆಟ್ಟಿಗೆ ಆ ಪ್ರಮಾಣಗಳನ್ನು ಅಂಕಿಗಳಾಗಿ ಮಾರ್ಪಡಿಸಿ ಬೆಂಗಳೂರಿಗೆ ಕಳುಹಿಸುತ್ತದೆ.

ಆದರೆ ಸ್ಕಾಡಾದ ಪರದೆಯೂ ನಿಯಂತ್ರಣ ಕೊಠಡಿಯ ಗೋಡೆಯೊಳಗೇ ಇತ್ತು. ಅದನ್ನು ನೋಡಲು ವಿಶೇಷ ತಂತ್ರಾಂಶ ಹಾಕಿದ ಗಣಕವೇ ಬೇಕಾಗಿತ್ತು. ಟಿಮ್ ಬರ್ನರ್ಸ್-ಲೀ 1990ರಲ್ಲಿ ರೂಪಿಸಿದ ಬ್ರೌಸರ್ ಈ ಕಟ್ಟನ್ನು ಬಿಚ್ಚಿತು, ಏಕೆಂದರೆ ಅಂಕಿಗಳನ್ನು ಪುಟವಾಗಿ ಜೋಡಿಸುವ ಕೆಲಸವನ್ನು ಸರ್ವರ್ ಮಾಡಿದ ಮೇಲೆ ನೋಡುವವರ ಬಳಿ ಬೇರಾವ ಸಲಕರಣೆಯೂ ಬೇಕಿಲ್ಲ. ನೋಡಬೇಕಾದ ಅಗತ್ಯವನ್ನು ಹುಟ್ಟಿಸಿದ್ದು ಮಾತ್ರ ಹಣಕಾಸಿನ ಲೆಕ್ಕ. 2003ರ ಜನವರಿಯಿಂದ ದಕ್ಷಿಣ ಭಾರತದಲ್ಲಿ ಜಾರಿಯಾದ ದರಪದ್ಧತಿಯ ಪ್ರಕಾರ ದಿನವನ್ನು 15 ನಿಮಿಷಗಳ 96 ಕಂತುಗಳಾಗಿ ಒಡೆದು, ಮೊದಲೇ ತಿಳಿಸಿದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಳೆದುಕೊಂಡ ವಿದ್ಯುತ್ತಿಗೆ ಆ ಹೊತ್ತಿನ ಆವೃತ್ತಿಗೆ ತಕ್ಕ ಬೆಲೆ ಕಟ್ಟಲಾಯಿತು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳಿಗೆ ತಮ್ಮ ಬಳಕೆ ಕ್ಷಣಕ್ಷಣಕ್ಕೂ ಕಾಣಲೇಬೇಕಾಯಿತು. ಹೀಗೆ ಬಂದ ಪುಟವನ್ನು ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಸಾರ್ವಜನಿಕರಿಗೂ ತೆರೆದಿಟ್ಟಿತು. ಅದು ನೋಟಕ್ಕೆ ಮಾತ್ರ ತೆರೆದ ಕಿಟಕಿ; ಸ್ವಿಚ್ಚುಗಳನ್ನು ಆಡಿಸುವ ಅಧಿಕಾರ ನಿಯಂತ್ರಣ ಕೊಠಡಿಯಲ್ಲೇ ಉಳಿಯಿತು.

ಈ ಕಾವಲು ಎಷ್ಟು ಮುಖ್ಯವೆಂಬುದನ್ನು 2012ರ ಜುಲೈ 30 ಮತ್ತು 31 ತೋರಿಸಿಕೊಟ್ಟವು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲೆಗೆ ಬಿದ್ದರು. ದಕ್ಷಿಣದ ಜಾಲ ಆಗ ಬೇರೆ ಲಯದಲ್ಲಿ ತಿರುಗುತ್ತಿದ್ದುದರಿಂದ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆ.ವಿ. ಲೈನು ಜೋಡಣೆಯಾದಾಗ ದೇಶವೆಲ್ಲ ಒಂದೇ ಲಯಕ್ಕೆ ಸೇರಿತು. ಅಂದಿನಿಂದ ಸಿ.ಎಸ್. ಪುರದ ತೋಟದ ಮೋಟರು ಕಾಶ್ಮೀರದ ದೀಪದೊಂದಿಗೆ ಒಂದೇ ಆವೃತ್ತಿಯನ್ನು ಹಂಚಿಕೊಂಡಿದೆ.

ಸಿ.ಎಸ್. ಪುರವಿರುವ ತುಮಕೂರು ಜಿಲ್ಲೆ ಬ್ರೌಸರಿನ ಆ ಪುಟದಲ್ಲಿ ಬರಿಯ ಬಳಕೆದಾರನಲ್ಲ. ಪಾವಗಡ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿ, 2018ರಿಂದ ಹಂತಹಂತವಾಗಿ ಚಾಲನೆಗೊಂಡು 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಸೌರ ಉದ್ಯಾನ ರಾಜ್ಯದ ದಿನಚರಿಯನ್ನೇ ತಿದ್ದಿದೆ. ಬೆಳಗ್ಗೆ ಏರಿ ಸಂಜೆ ಇಳಿಯುವ ಸೌರ ವಿದ್ಯುತ್ತನ್ನು ಹಗಲಿನಲ್ಲೇ ಬಳಸಬೇಕಾದ್ದರಿಂದ, ಪಂಪ್‌ಸೆಟ್ಟುಗಳಿಗೆ ಕೊಡುವ 7 ಗಂಟೆಗಳ ತ್ರೀ ಫೇಸ್ ಪೂರೈಕೆ ರಾತ್ರಿಯಿಂದ ಹಗಲಿನ ಕಡೆಗೆ ಸರಿಯತೊಡಗಿತು. ಕತ್ತಲೆಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ನೀರು ಹಾಯಿಸಲು ಹೋಗುವವರ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ.

ಆದರೂ ಈ ಚರಿತ್ರೆ ಪೂರ್ಣವಾಗಿಲ್ಲ. ಪುಟವು ಆವೃತ್ತಿಯನ್ನು ಎರಡು ದಶಮಾಂಶಗಳವರೆಗೆ ತೋರಿಸುತ್ತದೆ, ಆದರೆ ವಿತರಣಾ ಕಂಪನಿಯ ಒಟ್ಟು ಬಳಕೆಯ ಬಳಿ ನಿಂತುಬಿಡುತ್ತದೆ. ಅಲ್ಲಿಂದಾಚೆಗಿನ 11 ಕೆ.ವಿ. ಫೀಡರು, ಅದರ ತುದಿಯ ಟ್ರಾನ್ಸ್‌ಫಾರ್ಮರ್, ಸುಟ್ಟ ಫ್ಯೂಸು ಅದರಲ್ಲಿ ಕಾಣುವುದಿಲ್ಲ. ಹೋಬಳಿಯ ಜನ ತಿಳಿಯಬಯಸುವುದು ತಮ್ಮ ಲೈನು ಏಕೆ ಹೋಯಿತು, ಮತ್ತೆ ಯಾವಾಗ ಬರುತ್ತದೆ ಎಂಬುದನ್ನು. ಹಳೆಯ ಲಾಗ್ ಪುಸ್ತಕದಲ್ಲಿ ಅದಕ್ಕೆ ಷರಾ ಎಂಬ ಜಾಗವಿತ್ತು. ಆ ಕಾಲಂ ಕೂಡ ಊರೂರಿನ ಹೆಸರಿನೊಂದಿಗೆ ಬ್ರೌಸರಿನಲ್ಲಿ ತೆರೆದುಕೊಂಡ ದಿನ, ಜಾಲವನ್ನು ಕಾಯುವ ಕಣ್ಣು ಜಾಲದ ಕಡೆಯ ಕಂಬವನ್ನೂ ಮುಟ್ಟಿದಂತಾಗುತ್ತದೆ.