ಶಾಲೆ ಬಿಟ್ಟ ಮೇಲಿನ ಹೊತ್ತು: ಅಮೆರಿಕದ ನೆರೆಹೊರೆಯ ಕಲಿಕಾ ಕೇಂದ್ರಗಳ ಚರಿತ್ರೆ

ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗಿನ ಎರಡು ಮೂರು ತಾಸುಗಳು ಸಾರ್ವಜನಿಕ ಪ್ರಶ್ನೆಯಾದದ್ದು ಕೈಗಾರಿಕಾ ನಗರಗಳು ಬೆಳೆದ ಬಳಿಕವೇ. ಅಮೆರಿಕದಲ್ಲಿ 1852ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಡ್ಡಾಯ ಶಿಕ್ಷಣದ ಕಾನೂನು ತಂದು, 1918ರ ಹೊತ್ತಿಗೆ ಆಗಿನ ಎಲ್ಲ ರಾಜ್ಯಗಳೂ ಅದೇ ಹಾದಿ ಹಿಡಿದದ್ದರಿಂದ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಕ್ರಮೇಣ ತರಗತಿಗೆ ಬಂದರು. ಆದರೆ ಪಾಠ ಮುಗಿದ ಮೇಲೆ ಬಡವರ ಮಕ್ಕಳಿಗೆ ಇಕ್ಕಟ್ಟಾದ ಬಾಡಿಗೆ ಕೋಣೆ ಇಲ್ಲವೇ ಬೀದಿ, ಇವೆರಡೇ ಉಳಿದವು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ 1860ರಲ್ಲೇ ಮೂವರು ಮಹಿಳೆಯರು ಬೀದಿಯಲ್ಲಿ ಅಲೆಯುವ ಹುಡುಗರಿಗಾಗಿ ಕೂಟವೊಂದನ್ನು ತೆರೆದಿದ್ದರು. ಅಂಥ 53 ಬಾಲಕರ ಕೂಟಗಳು 1906ರಲ್ಲಿ ಬಾಸ್ಟನ್‌ನಲ್ಲಿ ಸೇರಿ ಒಕ್ಕೂಟವಾದವು.

ಈ ಚರಿತ್ರೆಯ ಅತ್ಯಂತ ಫಲವತ್ತಾದ ಅಧ್ಯಾಯ ಷಿಕಾಗೋದ ಹಲ್ ಹೌಸ್. ವಿದ್ಯಾವಂತರು ಬಡವರ ಕೇರಿಯಲ್ಲೇ ಮನೆ ಮಾಡಿ, ಅವರ ನೆರೆಯವರಾಗಿ ಬಾಳುತ್ತ ಕೆಲಸ ಮಾಡುವ ಸೇವಾನಿವಾಸದ ಕಲ್ಪನೆ ಲಂಡನ್ನಿನಲ್ಲಿ 1884ರಲ್ಲಿ ಆರಂಭವಾದ ಟಾಯ್ನ್‌ಬಿ ಹಾಲ್‌ನದು. ಅದನ್ನು ಕಂಡು ಬಂದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರಲ್ಲಿ ಇಟಲಿ, ಗ್ರೀಸ್, ರಷ್ಯಾಗಳಿಂದ ವಲಸೆ ಬಂದವರು ತುಂಬಿದ್ದ ಹಾಲ್‌ಸ್ಟೆಡ್ ಬೀದಿಯಲ್ಲಿ ಈ ನಿವಾಸವನ್ನು ಸ್ಥಾಪಿಸಿದರು. ಮಕ್ಕಳ ಕೂಟಗಳಿಗೆ 1893ರಲ್ಲಿ ಸಂಗೀತ ಶಾಲೆಯೂ ಜೊತೆಯಾಯಿತು. 1900ರಲ್ಲಿ ತೆರೆದ ದುಡಿಮೆಯ ವಸ್ತುಸಂಗ್ರಹಾಲಯದಲ್ಲಿ ವಲಸೆ ಬಂದ ಹೆಂಗಸರೇ ತಮ್ಮ ಊರಿನ ರೀತಿಯಲ್ಲಿ ನೂಲುತ್ತ, ನೇಯುತ್ತ ಕುಳಿತಿದ್ದರು. ಇಂಗ್ಲಿಷ್ ಕಲಿತು ಹೆತ್ತವರ ಬಗ್ಗೆ ನಾಚತೊಡಗಿದ್ದ ಮಕ್ಕಳು ತಾಯಂದಿರ ಕೈಗಳಲ್ಲಿರುವ ವಿದ್ಯೆಯನ್ನು ಕಣ್ಣಾರೆ ಕಾಣಲಿ ಎಂಬುದು ಆಡಮ್ಸ್ ಅವರ ಆಶಯವಾಗಿತ್ತು. ಶಾಲೆಯೇ ಅರಿಯದೆ ಮಾಡಿದ್ದ ಗಾಯವನ್ನು ಶಾಲೆಯ ಹೊರಗೆ ಮಾಯಿಸಲು ಹೊರಟ ಈ ಪ್ರಯತ್ನಕ್ಕೆ ಶಿಕ್ಷಣದ ಚರಿತ್ರೆಯಲ್ಲಿ ಸಿಗಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ. ಮುಂದೆ ಜಾಝ್ ಸಂಗೀತದಲ್ಲಿ ಹೆಸರಾದ ಬೆನ್ನಿ ಗುಡ್‌ಮನ್ ಬಾಲ್ಯದಲ್ಲಿ ಇಲ್ಲಿನ ಹುಡುಗರ ವಾದ್ಯಮೇಳದಲ್ಲಿ ನುಡಿಸಿದವರು. 1920ರ ದಶಕದಲ್ಲಿ ನೀವಾ ಬಾಯ್ಡ್ ಅವರು ಇಲ್ಲಿ ಆಟದ ಮೂಲಕ ಕಲಿಸುತ್ತಿದ್ದ ಕ್ರಮವನ್ನು ಅಭ್ಯಾಸ ಮಾಡಿದ ವಯೋಲಾ ಸ್ಪೋಲಿನ್, ಅದರಿಂದಲೇ ರಂಗದಾಟಗಳೆಂಬ ನಟನಾ ಶಿಕ್ಷಣ ಪದ್ಧತಿಯನ್ನು ರೂಪಿಸಿದರು.

ಆದರೂ ಬಿಳಿಯರು ನಡೆಸುತ್ತಿದ್ದ ಹಲವು ಸೇವಾನಿವಾಸಗಳ ಬಾಗಿಲು ಕಪ್ಪು ಜನರ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ಮರೆಮಾಚಿ ಈ ಚಳವಳಿಯನ್ನು ಕೊಂಡಾಡುವುದು ನ್ಯಾಯವಲ್ಲ. ಅಟ್ಲಾಂಟಾದಲ್ಲಿ 1908ರಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ಮತ್ತು ಸಂಗಾತಿಗಳು ನೆರೆಹೊರೆ ಸಂಘವನ್ನು ಕಟ್ಟಿ, ತಮ್ಮ ಕೇರಿಗಳ ಮಕ್ಕಳಿಗೆ ಆಟ, ಪಾಠ, ಆರೋಗ್ಯಗಳ ಏರ್ಪಾಡನ್ನು ತಾವೇ ಮಾಡಿಕೊಂಡರು.

ಎರಡನೆಯ ಮಹಾಯುದ್ಧದಲ್ಲಿ ತಾಯಂದಿರು ಯುದ್ಧೋದ್ಯಮಗಳಿಗೆ ದುಡಿಯಲು ಹೋದಾಗ ಕೇಂದ್ರ ಸರ್ಕಾರ ಲ್ಯಾನ್‌ಹಮ್ ಕಾಯ್ದೆಯಡಿ ಮಕ್ಕಳ ಪಾಲನೆಗೆ ಹಣ ಕೊಟ್ಟಿತು, ಯುದ್ಧ ಮುಗಿದ ಬಳಿಕ ನಿಲ್ಲಿಸಿತು. ಅದು ಮರಳಿ ದೊಡ್ಡ ಪ್ರಮಾಣದಲ್ಲಿ ಈ ಕ್ಷೇತ್ರಕ್ಕೆ ಬಂದದ್ದು ‘ಇಪ್ಪತ್ತೊಂದನೆಯ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಎಂಬ ಯೋಜನೆಯ ಮೂಲಕ. 1994ರಲ್ಲಿ ಮಂಜೂರಾದ ಈ ಯೋಜನೆ 1998ರಲ್ಲಿ 4 ಕೋಟಿ ಡಾಲರ್ ಪಡೆದರೆ, 2002ರ ಹೊತ್ತಿಗೆ ಅದರ ವಾರ್ಷಿಕ ಅನುದಾನ 100 ಕೋಟಿಗೆ ಏರಿತ್ತು. ಅದೇ ಹೊತ್ತಿಗೆ ಜಾರಿಗೆ ಬಂದ ಹೊಸ ಶಿಕ್ಷಣ ಕಾಯ್ದೆಯಿಂದಾಗಿ ಕೇಂದ್ರಗಳ ಮುಖ್ಯ ಗುರಿ ಓದು ಮತ್ತು ಗಣಿತದ ಸಾಧನೆಯಾಯಿತು.

ಹಣ ಹೆಚ್ಚಿದಂತೆ ಅಳತೆಯೂ ಬಂದಿತು. ಮ್ಯಾಥಮ್ಯಾಟಿಕಾ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಮೌಲ್ಯಮಾಪನ, ಅಂಕಗಳ ಮೇಲೆ ಕೇಂದ್ರಗಳ ಪ್ರಭಾವ ಅತ್ಯಲ್ಪವೆಂದಿತು. ಅದನ್ನು ಆಧರಿಸಿ ಅಧ್ಯಕ್ಷ ಬುಷ್ ಆಡಳಿತ ಅನುದಾನವನ್ನು 60 ಕೋಟಿಗೆ ಇಳಿಸಬೇಕೆಂದಾಗ ಸಂಸತ್ತು ಒಪ್ಪಲಿಲ್ಲ. ಸಂಸತ್ತಿನ ಆ ನಿಲುವು ಸರಿಯಾದದ್ದೇ. ಶಾಲೆಯ ದೀರ್ಘ ದಿನ ಸಾಧಿಸಲಾಗದ್ದನ್ನು ಸಂಜೆಯ ಎರಡು ತಾಸು ಒಂದೇ ವರ್ಷದಲ್ಲಿ ಸಾಧಿಸಲಿ ಎಂಬ ನಿರೀಕ್ಷೆಯೇ ತಪ್ಪಾಗಿದ್ದು, ಆ ಅಳತೆಗೋಲು ಹಲ್ ಹೌಸ್‌ನ ವಾದ್ಯಮೇಳವನ್ನೂ ನೂಲುವ ತಾಯಂದಿರನ್ನೂ ವಿಫಲರೆಂದೇ ಎಣಿಸುತ್ತಿತ್ತು. 2015ರ ಶಿಕ್ಷಣ ಕಾಯ್ದೆ ಪರೀಕ್ಷಾ ಫಲಿತಾಂಶದ ಜೊತೆಗೆ ಶಾಲಾ ಹಾಜರಿ, ತರಗತಿಯ ಅಂಕ, ಕೇಂದ್ರಕ್ಕೆ ತಪ್ಪದೆ ಬರುವುದು ಇತ್ಯಾದಿ ಸೂಚಕಗಳನ್ನೂ ಸೇರಿಸಿ ಅಳತೆಯನ್ನು ಸ್ವಲ್ಪ ಹಿಗ್ಗಿಸಿದೆ.